ಏಳನೇ ತರಗತಿಯ ಟಿಸಿ ಮತ್ತು ಬರುವ ಜೂನ್

ಜುಮುಆ ನಮಾಝ್ ಮುಗಿದ ಮೇಲೆ ನಮ್ಮ ಮಸೀದಿಗಳ ಮೈಕಿನಲ್ಲಿ ಏನೇನು ಕೇಳಿಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಯಾರದೋ ಜನಾಝಾ, ಯಾರದೋ ನಿಕಾಹ್, ಕಟ್ಟಡದ ಚಂದಾ, ವುಝೂ ಮಾಡುವಲ್ಲಿ ಸಿಕ್ಕಿದ ಬೈಕಿನ ಕೀ. ಹಾಸನದಲ್ಲಾಗಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಾಗಲಿ, "ಏಳನೇ ತರಗತಿ ಮಕ್ಕಳ ತಂದೆ ತಾಯಂದಿರು ಈ ವಾರ ಶಾಲೆಗೆ ಹೋಗಿ ಬನ್ನಿ" ಎಂಬ ಪ್ರಕಟಣೆ ಮಾತ್ರ ಅಪರೂಪ. ಫೆಬ್ರವರಿಯಿಂದ ಮೇವರೆಗಿನ ನಾಲ್ಕು ತಿಂಗಳಲ್ಲಿ ಅಂಥದೊಂದು ಪ್ರಕಟಣೆ ಯಾಕೆ ಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ನಮ್ಮ ಹಿರಿಯರು 'ಮಿಡ್ಲ್ ಸ್ಕೂಲ್' ಎನ್ನುತ್ತಿದ್ದರು. ಈಗ ಆ ಹೆಸರು ಬೋರ್ಡುಗಳ ಮೇಲೆ ಕಾಣುವುದಿಲ್ಲ, ಹಿರಿಯ ಪ್ರಾಥಮಿಕ ಶಾಲೆ ಎನ್ನುತ್ತೇವೆ. ಕಾಯ್ದೆಯ ಪ್ರಕಾರ ಪ್ರಾಥಮಿಕ ಶಿಕ್ಷಣ ಎಂಟನೇ ತರಗತಿಯವರೆಗೆ. ಆದರೆ ನಮ್ಮ ರಾಜ್ಯದ ಬಹುಪಾಲು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳು ಏಳಕ್ಕೇ ಮುಗಿಯುತ್ತವೆ, ಎಂಟು ಹೈಸ್ಕೂಲಿನಲ್ಲಿ ಶುರುವಾಗುತ್ತದೆ. ಹೀಗಾಗಿ ಆರು, ಏಳು, ಎಂಟು ಎಂಬ ಮೂರು ವರ್ಷಗಳ ನಡುವೆ ಮಗು ಒಂದು ಗೇಟಿನಿಂದ ಹೊರಬಂದು ಇನ್ನೊಂದು ಗೇಟಿನೊಳಗೆ ಹೋಗಬೇಕು. ಈ ಎರಡು ಗೇಟುಗಳ ನಡುವೆ ಇರುವುದು ಏಳು ವಾರಗಳ ಬೇಸಿಗೆ ರಜೆ. ನಮ್ಮ ಮಕ್ಕಳು ಕೈತಪ್ಪುವುದು ಹೆಚ್ಚಾಗಿ ಅಲ್ಲಿಯೇ. 6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ಕಾಲು ಭಾಗದಷ್ಟು ಮಂದಿ ಒಂದೋ ಶಾಲೆಯ ಮುಖವನ್ನೇ ನೋಡಿಲ್ಲ, ಇಲ್ಲವೇ ಅರ್ಧಕ್ಕೆ ಬಿಟ್ಟಿದ್ದಾರೆ ಎಂದು ಸಾಚಾರ್ ಸಮಿತಿ 2006ರಲ್ಲಿ ಹೇಳಿತ್ತು. ಆ ನಂತರ ಪರಿಸ್ಥಿತಿ ಎಷ್ಟೋ ಸುಧಾರಿಸಿದೆ. ಆದರೂ ನಮ್ಮ ಮೊಹಲ್ಲಾದ ಗ್ಯಾರೇಜು, ವೆಲ್ಡಿಂಗ್ ಶಾಪುಗಳಲ್ಲಿ ಕೆಲಸ ಕಲಿಯುತ್ತಿರುವ ಹುಡುಗರನ್ನು "ಎಷ್ಟರವರೆಗೆ ಓದಿದೆಯಪ್ಪ?" ಎಂದು ಕೇಳಿ ನೋಡಿ. ಏಳು ಅಥವಾ ಎಂಟು ಎಂಬ ಉತ್ತರ ಇಂದಿಗೂ ಸಿಗುತ್ತದೆ.

ತಂದೆ ತಾಯಿಗಳಿಗೆ ಮಕ್ಕಳ ಮೇಲೆ ಕಾಳಜಿ ಇಲ್ಲ ಎನ್ನುವ ಮಾತನ್ನು ನಾವು ಒಪ್ಪುವುದಿಲ್ಲ. ಸುದ್ದಿ ಮನೆಗೆ ತಲುಪುವುದಿಲ್ಲ ಎನ್ನುವುದೇ ಹೆಚ್ಚು ಸರಿ. ಶಾಲೆಯಲ್ಲಿ ದಾಖಲಾಗಿರುವ ಫೋನ್ ನಂಬರ್ ಸಾಮಾನ್ಯವಾಗಿ ತಂದೆಯದು. ತಂದೆ ಲಾರಿಯಲ್ಲಿ, ಇಲ್ಲವೇ ಬೆಂಗಳೂರಿನಲ್ಲಿ, ಇಲ್ಲವೇ ಸೌದಿಯಲ್ಲಿ. ತರಗತಿಯ ವಾಟ್ಸಾಪ್ ಗುಂಪಿಗೆ ಮೇಷ್ಟ್ರು ಹಾಕಿದ ಪರೀಕ್ಷಾ ವೇಳಾಪಟ್ಟಿ ಅವರ ಫೋನಿನಲ್ಲಿ ನೂರು 'ಜುಮುಆ ಮುಬಾರಕ್' ಚಿತ್ರಗಳ ಕೆಳಗೆ ಹೂತುಹೋಗಿರುತ್ತದೆ. ಮನೆಯಲ್ಲಿರುವ ತಾಯಿ ಉರ್ದು ಚೆನ್ನಾಗಿ ಓದುತ್ತಾರೆ, ಕನ್ನಡ ಮಾತಾಡುತ್ತಾರೆ, ಆದರೆ ಕನ್ನಡದ ಸುತ್ತೋಲೆಯನ್ನು ಓದಲು ತಡವರಿಸುತ್ತಾರೆ. ಕಳೆದ ವರ್ಷ ನಮಗೆ ಗೊತ್ತಿರುವ ಒಂದು ಮನೆಯಲ್ಲಿ ಆಗಿದ್ದು ಇದೇ. ಪೋಷಕರ ಸಭೆಗೆ ಮೂರು ಸಲ ಕರೆ ಹೋಗಿತ್ತು, ಮೂರೂ ಸಲ ತಂದೆಯ ಫೋನಿಗೆ. ಶಾಲೆಯವರು "ಈ ಮನೆಯವರು ಬರುವುದೇ ಇಲ್ಲ" ಎಂದುಕೊಂಡರು, ತಾಯಿ "ಶಾಲೆಯವರು ನಮ್ಮನ್ನು ಕರೆಯುವುದೇ ಇಲ್ಲ" ಎಂದುಕೊಂಡರು. ಇಬ್ಬರದೂ ಸುಳ್ಳಲ್ಲ. ಈ ವಾರವೇ ಶಾಲೆಗೆ ಹೋಗಿ ತಾಯಿಯ ನಂಬರನ್ನೂ ಬರೆಸಿ ಬನ್ನಿ. ಬರೆದದ್ದನ್ನು ಓದಲಾಗದ ತಾಯಂದಿರಿಗೆ ಧ್ವನಿ ಸಂದೇಶ ಕಳಿಸಿ ಎಂದು ಕೇಳಿಕೊಂಡರೆ ಬೇಡ ಎನ್ನುವ ಮೇಷ್ಟ್ರನ್ನು ನಾವು ಕಂಡಿಲ್ಲ.

ಸುದ್ದಿ ಸರಿಯಾಗಿ ತಲುಪದಿದ್ದರೆ ಗಾಳಿಸುದ್ದಿ ಆ ಜಾಗದಲ್ಲಿ ಬಂದು ಕೂರುತ್ತದೆ. 2024ರ ಮಾರ್ಚ್ ನೆನಪಿಸಿಕೊಳ್ಳಿ. ಐದು, ಎಂಟು, ಒಂಬತ್ತನೇ ತರಗತಿಗಳಿಗೆ ರಾಜ್ಯ ಮಟ್ಟದ ಪರೀಕ್ಷೆ 11ರಂದು ಆರಂಭವಾಯಿತು. ಮರುದಿನವೇ ಸುಪ್ರೀಂ ಕೋರ್ಟ್ ಆದೇಶದಿಂದ ನಿಂತಿತು. 22ರಂದು ಹೈಕೋರ್ಟಿನ ವಿಭಾಗೀಯ ಪೀಠ ಒಪ್ಪಿಗೆ ಕೊಟ್ಟು, ಉಳಿದ ಪತ್ರಿಕೆಗಳು ತಿಂಗಳ ಕೊನೆಯ ವಾರ ನಡೆದವು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಮತ್ತೆ ಮಧ್ಯೆ ಪ್ರವೇಶಿಸಿ ಫಲಿತಾಂಶಕ್ಕೆ ತಡೆ ಹಾಕಿತು. ಓದುಬರಹ ಬಲ್ಲವರಿಗೇ ತಲೆ ತಿರುಗುವ ಸಂಗತಿ. "ಪರೀಕ್ಷೆ ಕ್ಯಾನ್ಸಲ್ ಆಯ್ತಂತೆ" ಎಂಬ ಒಂದು ಫಾರ್ವರ್ಡ್ ಸಂದೇಶ ನಂಬಿ ಊರಿಗೆ ಹೊರಟ ಮನೆಗಳೂ ಇದ್ದವು. ಪರೀಕ್ಷೆಯ ವಿಷಯದಲ್ಲಿ ಮುಖ್ಯ ಶಿಕ್ಷಕರ ಮಾತು, ಅದಕ್ಕೂ ಮೇಲೆ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯ ಮಾತು, ಇವೆರಡೇ ನಂಬತಕ್ಕವು. ಬಿಇಒ ಕಚೇರಿ ಈ ನಾಲ್ಕೂ ಊರುಗಳಲ್ಲಿ ಇದೆ. ಹೋಗಿ ಕೇಳಲು ಯಾರ ಶಿಫಾರಸೂ ಬೇಕಿಲ್ಲ.

ಅದೇ ವರ್ಷ ರಮಝಾನ್ ಬಂದದ್ದು ಆ ಪರೀಕ್ಷೆಯ ಬೆನ್ನಿಗೇ, ಈದ್ ಆದದ್ದು ಏಪ್ರಿಲ್ 11ಕ್ಕೆ. 2025ರಲ್ಲಿ ಹೆಚ್ಚುಕಡಿಮೆ ಇಡೀ ಮಾರ್ಚ್ ಉಪವಾಸ. ಚಾಂದ್ರಮಾನ ವರ್ಷ ಸುಮಾರು 11 ದಿನ ಹಿಂದೆ ಸರಿಯುವುದರಿಂದ ಬರುವ ವರ್ಷಗಳಲ್ಲಿ ಈ ತಿಕ್ಕಾಟ ತಾನಾಗಿ ತಗ್ಗುತ್ತದೆ. ಆದರೆ ಈ ಕೆಲವು ವರ್ಷಗಳಲ್ಲಿ ನಾವು ಕಂಡದ್ದನ್ನು ಹೇಳಲೇಬೇಕು. ತರಾವೀಹ್ ಮುಗಿಸಿ ಹನ್ನೊಂದು ಗಂಟೆಯವರೆಗೆ ಬೀದಿಯಲ್ಲಿ ಕ್ರಿಕೆಟ್ ಆಡುವ ಹುಡುಗ ಸಹರಿಗೆ ನಾಲ್ಕೂವರೆಗೆ ಎದ್ದು, ಫಜ್ರ್ ನಂತರ ಮತ್ತೆ ಮಲಗಿ, ಹತ್ತಕ್ಕೆ ಗಣಿತದ ಪತ್ರಿಕೆಯ ಮುಂದೆ ತೂಕಡಿಸುತ್ತಾನೆ. ಇದಕ್ಕೆ ಉಪವಾಸ ಕಾರಣವಲ್ಲ, ಕ್ರಿಕೆಟ್ ಕಾರಣ. ಸಹರಿ ಮತ್ತು ಫಜ್ರ್‌ನ ನಂತರದ ಒಂದು ಗಂಟೆಯಷ್ಟು ನಿಶ್ಶಬ್ದ ಸಮಯ ವರ್ಷದಲ್ಲಿ ಇನ್ನೊಂದಿಲ್ಲ. ಆ ಹೊತ್ತಿನಲ್ಲಿ ಪುಸ್ತಕ ಹಿಡಿಸಿದ ಮನೆಗಳಿಗೆ ಅದರ ಫಲ ಗೊತ್ತು. ಮೊದಲ ಸಲ ಉಪವಾಸ ಹಿಡಿಯುವ ಮಗುವಿದ್ದರೆ ತರಗತಿಯ ಶಿಕ್ಷಕರಿಗೆ ಒಂದು ಮಾತು ತಿಳಿಸಿ. ಬಿಸಿಲಿನಲ್ಲಿ ಆಟದ ಅವಧಿಗೆ ಹೊರಗೆ ನಿಲ್ಲಿಸದಿರಲಿಕ್ಕಾದರೂ ಅದು ನೆರವಾಗುತ್ತದೆ.

ಏಳನೇ ತರಗತಿಯ ಅಂಕಗಳಿಗೆ ಬೆಲೆ ಇಲ್ಲ, ಹೇಗೂ ಪಾಸು ಮಾಡುತ್ತಾರೆ ಎಂಬ ಮಾತು ನಮ್ಮಲ್ಲಿ ಬೇರುಬಿಟ್ಟಿದೆ. ಎನ್‌ಎಂಎಂಎಸ್ ಎಂಬ ಕೇಂದ್ರದ ವಿದ್ಯಾರ್ಥಿವೇತನದ ಲೆಕ್ಕ ತಿಳಿದರೆ ಈ ಮಾತು ನಿಲ್ಲುತ್ತದೆ. ಎಂಟನೇ ತರಗತಿಯಲ್ಲಿ ಇದರ ಪರೀಕ್ಷೆ. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ದಾಟಿರಬಾರದು. ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿರಬೇಕು. ಪರೀಕ್ಷೆಗೆ ಕೂರಬೇಕಾದರೆ ಏಳನೇ ತರಗತಿಯಲ್ಲಿ ಶೇ. 55 ಅಂಕ ಬಂದಿರಬೇಕು. ಅಂದರೆ ಈ ಮಾರ್ಚಿನಲ್ಲಿ ಮಗು ಬರೆಯುವ ಎರಡನೇ ಸಂಕಲನಾತ್ಮಕ ಮೌಲ್ಯಮಾಪನ ಮುಂದಿನ ವರ್ಷದ ಅರ್ಹತೆಯನ್ನು ನಿರ್ಧರಿಸುವ ಅಂಕಗಳಲ್ಲಿ ಸೇರುತ್ತದೆ. ಒಂದು ಸೂಕ್ಷ್ಮ ಇದೆ: ಊಟ ವಸತಿ ಕೊಡುವ ಸರ್ಕಾರಿ ವಸತಿ ಶಾಲೆಗಳ ಮಕ್ಕಳಿಗೆ ಇದು ಸಿಗುವುದಿಲ್ಲ. ಹಾಗೆಂದು ವಸತಿ ಶಾಲೆಯ ಸೀಟು ಬಿಡಬೇಡಿ, ಅಲ್ಲಿನ ಊಟ, ಪುಸ್ತಕ, ಶಿಸ್ತಿನ ಬೆಲೆ 12,000ಕ್ಕಿಂತ ಹೆಚ್ಚು ಎಂಬುದು ನಮ್ಮ ಅಭಿಪ್ರಾಯ.

ಒಂದರಿಂದ ಎಂಟನೇ ತರಗತಿವರೆಗಿನ ಮಕ್ಕಳಿಗೆ ಕೇಂದ್ರದಿಂದ ಬರುತ್ತಿದ್ದ ಅಲ್ಪಸಂಖ್ಯಾತರ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ 2022ರ ನವೆಂಬರ್‌ನಲ್ಲಿ ನಿಂತಿದೆ. ಅದನ್ನು ಒಂಬತ್ತು ಮತ್ತು ಹತ್ತಕ್ಕೆ ಸೀಮಿತಗೊಳಿಸಿದರು. ಇದು ಗೊತ್ತಿಲ್ಲದೆ ಇಂದಿಗೂ ಸೈಬರ್ ಸೆಂಟರಿನ ಬಾಗಿಲಲ್ಲಿ ಕಾಯುವವರಿದ್ದಾರೆ. ಇನ್ನು ಐದನೇ ತರಗತಿಯ ಮಕ್ಕಳಿದ್ದರೆ, ಆರಕ್ಕೆ ಸೇರಿಸಿಕೊಳ್ಳುವ ಮೊರಾರ್ಜಿ ದೇಸಾಯಿ ವಸತಿ ಶಾಲೆ, 2017-18ರಲ್ಲಿ ರಾಜ್ಯದಾದ್ಯಂತ ಶುರುವಾದ ಇಂಗ್ಲಿಷ್ ಮಾಧ್ಯಮದ ಮೌಲಾನಾ ಆಝಾದ್ ಮಾದರಿ ಶಾಲೆ, ಮಾವಿನಕೆರೆಯ ನವೋದಯ ವಿದ್ಯಾಲಯ, ಇವುಗಳ ಅರ್ಜಿಯ ದಿನಾಂಕಗಳು ಬೇರೆ ಬೇರೆ. ನವೋದಯದ ಅರ್ಜಿ ಹಿಂದಿನ ವರ್ಷದ ಮಳೆಗಾಲದಲ್ಲೇ ಮುಗಿದಿರುತ್ತದೆ. ಏಪ್ರಿಲ್‌ನಲ್ಲಿ ವಿಚಾರಿಸಿದರೆ ಕೈ ಹಿಸುಕಿಕೊಳ್ಳಬೇಕಷ್ಟೆ.

ಏಪ್ರಿಲ್ ಎರಡನೇ ವಾರದ ಸುಮಾರಿಗೆ ಫಲಿತಾಂಶ ತಿಳಿಸಲು ಸರ್ಕಾರಿ ಶಾಲೆಗಳಲ್ಲಿ 'ಸಮುದಾಯದತ್ತ ಶಾಲೆ' ಎಂಬ ಸಭೆ ನಡೆಯುತ್ತದೆ. ಮಗುವಿನ ಉತ್ತರ ಪತ್ರಿಕೆ, ಅಂಕಪಟ್ಟಿಗಳನ್ನು ಪೋಷಕರ ಮುಂದಿಡುವ ದಿನ ಅದು. ಆ ದಿನ ಅಣ್ಣನನ್ನೋ ಪಕ್ಕದ ಮನೆಯ ಹುಡುಗನನ್ನೋ ಕಳಿಸಿ ಅಂಕಪಟ್ಟಿ ತರಿಸಿಕೊಳ್ಳುವ ಅಭ್ಯಾಸ ಬಿಡಬೇಕು. ಹೋದಾಗ "ಪಾಸಾ?" ಎಂದು ಕೇಳಿ ಬರುವುದಲ್ಲ. ಯಾವ ವಿಷಯದಲ್ಲಿ ಹಿಂದಿದ್ದಾನೆ, ಕನ್ನಡ ಓದುವಾಗ ಎಲ್ಲಿ ನಿಲ್ಲುತ್ತಾನೆ, ರಜೆಯಲ್ಲಿ ಏನು ಮಾಡಿಸಬೇಕು ಎಂದು ಕೇಳಬೇಕು. ಉರ್ದು ಮಾಧ್ಯಮದಲ್ಲಿ ಏಳು ಮುಗಿಸಿ ಕನ್ನಡ ಮಾಧ್ಯಮದ ಹೈಸ್ಕೂಲಿಗೆ ಹೋಗಲಿರುವ ಮಕ್ಕಳಿಗಂತೂ ಈ ರಜೆ ಬಹಳ ದೊಡ್ಡದು. ಸಮಾಜ ಮತ್ತು ವಿಜ್ಞಾನದ ಕನ್ನಡ ಪುಸ್ತಕಗಳನ್ನು ಹಳೆಯ ವಿದ್ಯಾರ್ಥಿಗಳಿಂದ ಈಗಲೇ ತಂದು, ದಿನಕ್ಕೆ ಎರಡು ಪುಟ ಗಟ್ಟಿಯಾಗಿ ಓದಿಸಿದರೂ ಜೂನಿನ ಭಯ ಅರ್ಧ ಇಳಿಯುತ್ತದೆ. ಎಂಟನೇ ತರಗತಿಯಲ್ಲಿ ಬಾಯಿಬಿಡದೆ ಹಿಂದಿನ ಬೆಂಚಿನಲ್ಲಿ ಕೂತು, ದಸರಾ ರಜೆಯ ಹೊತ್ತಿಗೆ ಶಾಲೆ ಬಿಟ್ಟವರಲ್ಲಿ ಇಂಥ ಮಕ್ಕಳು ಹಲವರು. ಅವರು ದಡ್ಡರಾಗಿರಲಿಲ್ಲ.

ಶಾಲೆಯೊಳಗೆ ನಮ್ಮ ಮಾತಿಗೆ ಸ್ಥಾನ ಕೊಡುವ ವ್ಯವಸ್ಥೆ ಎಂದರೆ ಎಸ್‌ಡಿಎಂಸಿ. ರಾಜಾ ರಾಮಣ್ಣ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ಕರ್ನಾಟಕ ಇದನ್ನು ಜಾರಿಗೆ ತಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮು ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎನ್ನುತ್ತದೆ. ನಮ್ಮ ಮೊಹಲ್ಲಾಗಳ ಶಾಲೆಗಳಲ್ಲಿ ಆ ಮಹಿಳಾ ಸ್ಥಾನಗಳು ಕಾಗದದ ಮೇಲೆ ತುಂಬಿರುತ್ತವೆ. ಸಭೆಗೆ ಹೋಗುವವರು ಅವರ ಗಂಡಂದಿರು. ಶೌಚಾಲಯಕ್ಕೆ ನೀರಿಲ್ಲದಿರುವುದು ಹನ್ನೆರಡು ವರ್ಷದ ಹುಡುಗಿಗೆ ಎಷ್ಟು ದೊಡ್ಡ ಸಮಸ್ಯೆ ಎಂಬುದನ್ನು ಆ ಗಂಡಸರು ಎತ್ತಿ ಮಾತಾಡುವುದನ್ನು ನಾವು ಕಂಡಿಲ್ಲ. ನಮ್ಮದೇ ಸಂಸ್ಥೆಗಳ ಮಾತೂ ಹೇಳಿಬಿಡೋಣ. ಅಲ್ಪಸಂಖ್ಯಾತ ಶಿಕ್ಷಣ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪು ಕೊಟ್ಟಿತು. ಕಾಯ್ದೆ ಕೇಳದಿದ್ದರೂ ಪೋಷಕರನ್ನು ವರ್ಷಕ್ಕೆರಡು ಸಲ, ಫೀಸಿನ ಮಾತಿಲ್ಲದೆ, ಕರೆದು ಕೂರಿಸಲು ನಮಗೆ ಯಾರ ಅಡ್ಡಿಯೂ ಇಲ್ಲ.

ಇನ್ನು ಟಿಸಿ. ಏಳು ಮುಗಿದ ಮಗುವಿನ ವರ್ಗಾವಣೆ ಪತ್ರ ರಜೆ ಶುರುವಾಗುವ ಮೊದಲೇ ಕೈಗೆ ಬರುವಂತೆ ನೋಡಿಕೊಳ್ಳಿ. ಕಾಯ್ದೆಯ 5ನೇ ಕಲಮಿನ ಪ್ರಕಾರ ಕೇಳಿದ ಕೂಡಲೇ ಮುಖ್ಯ ಶಿಕ್ಷಕರು ಅದನ್ನು ಕೊಡಬೇಕು. ಟಿಸಿ ತಡವಾಯಿತೆಂದು ಹೊಸ ಶಾಲೆಯವರು ದಾಖಲಾತಿ ನಿರಾಕರಿಸುವಂತಿಲ್ಲ. ಬಾಕಿ ಫೀಸಿನ ನೆಪದಲ್ಲಿ ಟಿಸಿ ಹಿಡಿದಿಟ್ಟ ಖಾಸಗಿ ಶಾಲೆಯೊಂದರ ಮುಂದೆ ಒಂದು ಕುಟುಂಬ ಜೂನ್ ಪೂರ್ತಿ ಅಲೆದದ್ದನ್ನು ನಾವು ನೋಡಿದ್ದೇವೆ. ಬಿಇಒ ಕಚೇರಿಗೆ ಒಂದು ಅರ್ಜಿ ಕೊಟ್ಟ ಮೇಲೆ ಅದು ಎರಡೇ ದಿನದಲ್ಲಿ ಸಿಕ್ಕಿತು. ಟಿಸಿ ಬಂದಾಗ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ. ಒಂದೇ ಹುಡುಗ ಆಧಾರ್‌ನಲ್ಲಿ 'ಮೊಹಮ್ಮದ್', ಶಾಲೆಯಲ್ಲಿ 'ಮುಹಮ್ಮದ್', ಜನನ ಪತ್ರದಲ್ಲಿ ಬರೀ 'ಎಂ.ಡಿ.' ಆಗಿರುವುದು ನಮ್ಮಲ್ಲಿ ಮಾಮೂಲು. ಎಂಟಕ್ಕೆ ಸೇರುವ ಮೊದಲು ಸರಿಪಡಿಸುವುದು ಒಂದು ಮಧ್ಯಾಹ್ನದ ಕೆಲಸ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಚ್ಚಾದ ಮೇಲೆ ಸರಿಪಡಿಸಲು ವರ್ಷಗಳೇ ಬೇಕಾಗಬಹುದು. ಆದಾಯ ಪತ್ರ, ಪ್ರವರ್ಗ 2ಬಿ ಜಾತಿ ಪತ್ರಗಳಿಗೂ ನಾಡಕಚೇರಿಯಲ್ಲಿ ಏಪ್ರಿಲ್‌ನಲ್ಲೇ ಅರ್ಜಿ ಹಾಕಿ, ಜೂನಿನ ಸರತಿ ಸಾಲು ತಪ್ಪುತ್ತದೆ.

ರಜೆಯ ಏಳು ವಾರಗಳ ಬಗ್ಗೆ ನಮಗೆ ಹೆಚ್ಚು ಆತಂಕ. ಅರಕಲಗೂಡು, ರಾಮನಾಥಪುರದ ಕಡೆ ತಂಬಾಕಿನ ಸಸಿಮಡಿಯಿಂದ ನಾಟಿಯವರೆಗೆ ಕೆಲಸವೋ ಕೆಲಸ. ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಸುಲಿಯುವ, ಲೋಡ್ ಮಾಡುವ ಕೆಲಸ. ಹಾಸನದ ಸುತ್ತ ಮೇ ತಿಂಗಳಲ್ಲಿ ಮಳೆ ಬಿದ್ದರೆ ಆಲೂಗಡ್ಡೆ ಬಿತ್ತನೆಯ ಅವಸರ. ಅಪ್ಪನ ಅಂಗಡಿಯಲ್ಲಿ ಮಗ ಕೂತರೆ ತಪ್ಪೇನಿಲ್ಲ. ಆದರೆ 14 ತುಂಬದ ಮಗುವನ್ನು ಬೇರೆಯವರಲ್ಲಿ ಕೂಲಿಗೆ ಬಿಡುವುದು ಕಾನೂನಿಗೆ ವಿರುದ್ಧ. ದಿನಕ್ಕೆ ಇನ್ನೂರು ರೂಪಾಯಿ ಕೈಯಲ್ಲಿ ಎಣಿಸಿದ ಹುಡುಗನಿಗೆ ಮೇ ಕೊನೆಯಲ್ಲಿ ಸಮವಸ್ತ್ರ ಹಾಕಿಸುವುದು ಎಷ್ಟು ಕಷ್ಟ ಎಂಬುದನ್ನು ಅನುಭವಿಸಿದ ತಾಯಂದಿರನ್ನೇ ಕೇಳಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ನಿಲ್ಲಿಸುವುದು ಕೂಲಿಯಲ್ಲ, ದೂರ. ಪ್ರಾಥಮಿಕ ಶಾಲೆ ಬೀದಿಯಲ್ಲೇ ಇತ್ತು, ಹೈಸ್ಕೂಲು ಪಟ್ಟಣದಲ್ಲಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣವಿಲ್ಲ, ಆದ್ದರಿಂದ ದುಡ್ಡಿನ ನೆಪ ಉಳಿದಿಲ್ಲ. ಉಳಿದಿರುವುದು ಬಸ್ಸಿನ ಸಮಯ ಮತ್ತು ಜೊತೆ. ಒಂದೇ ಊರಿನ ನಾಲ್ಕೈದು ಹುಡುಗಿಯರನ್ನು ಒಂದೇ ಹೈಸ್ಕೂಲಿಗೆ ಸೇರಿಸಿದರೆ ಜೊತೆ ಸಿಗುತ್ತದೆ. ಬಸ್ಸಿನ ಸಮಯ ಹೊಂದದಿದ್ದರೆ ನಾಲ್ಕೈದು ಮನೆಯವರು ಸಹಿ ಹಾಕಿ ಡಿಪೋಗೆ ಮನವಿ ಕೊಡಬಹುದು. ಆದರೆ ಈ ಮಾತುಕತೆ ಏಪ್ರಿಲ್‌ನಲ್ಲಿ ಆಗಬೇಕು, ಶಾಲೆ ತೆರೆದ ಮೇಲಲ್ಲ.

ಜಮಾಅತಿನ ಯುವಕರಿಗೆ ನಾವು ಕೇಳುವುದು ಒಂದು ನೋಟ್‌ಪುಸ್ತಕದ ಕೆಲಸ. ಈ ವರ್ಷ ಏಳು ಮುಗಿಸುವ ಮೊಹಲ್ಲಾದ ಮಕ್ಕಳ ಹೆಸರುಗಳನ್ನು ಮಾರ್ಚ್‌ನಲ್ಲೇ ಬರೆದಿಟ್ಟುಕೊಳ್ಳಿ. ಹೆಚ್ಚಿನ ಮೊಹಲ್ಲಾಗಳಲ್ಲಿ ಆ ಪಟ್ಟಿ ಎರಡು ಪುಟ ದಾಟುವುದಿಲ್ಲ. ಮೇ ಕೊನೆಯ ವಾರ ಶಾಲೆಗಳು ತೆರೆಯುತ್ತವೆ. ಜೂನಿನ ಮೊದಲ ಶುಕ್ರವಾರ ಪ್ರತಿ ಹೆಸರಿನ ಮುಂದೆ ಸೇರಿದ ಶಾಲೆಯ ಹೆಸರು ಬರೆಯಿರಿ. ಯಾರ ಹೆಸರಿನ ಮುಂದೆ ಖಾಲಿ ಉಳಿಯಿತೋ ಆ ಮನೆಗೆ ಅದೇ ಸಂಜೆ, ಅಸ್ರ್ ನಂತರ, ಇಬ್ಬರು ಹೋಗಿ ಬನ್ನಿ.