ಒಬ್ಬನನ್ನು ಕೊಟ್ಟು ತಂಡ ಕಟ್ಟಿದರು

ನಿಮಗಿದು ಗೊತ್ತೆ? ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಕಾಲೇಜು ಆಟಗಾರರ ಹರಾಜು ನಡೆಯುವುದಿಲ್ಲ. ತಂಡಗಳು ಡ್ರಾಫ್ಟ್‌ನಲ್ಲಿ ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ಋತುವಿನಲ್ಲಿ ಎಲ್ಲರಿಗಿಂತ ಕೆಳಗುಳಿದ ತಂಡಕ್ಕೇ ಮೊದಲ ಸರದಿ. ಈ ಸರದಿಗಳನ್ನು ಅದಲುಬದಲು ಮಾಡಿಕೊಳ್ಳಲೂಬಹುದು. ಅದನ್ನು ಡಲ್ಲಾಸ್ ಕೌಬಾಯ್ಸ್ ಕೋಚ್ ಜಿಮ್ಮಿ ಜಾನ್ಸನ್ ಅವರಷ್ಟು ಚೆನ್ನಾಗಿ ಬಳಸಿಕೊಂಡವರು ವಿರಳ. 1989ರಲ್ಲಿ ಅವರ ತಂಡ ಗೆದ್ದದ್ದು 16ರಲ್ಲಿ ಒಂದೇ ಪಂದ್ಯ. ಆ ಋತುವಿನ ನಡುವೆಯೇ ಅವರು ತಂಡದ ದೊಡ್ಡ ತಾರೆ ಹರ್ಷೆಲ್ ವಾಕರ್ ಅವರನ್ನು ಮಿನ್ನೆಸೋಟ ವೈಕಿಂಗ್ಸ್‌ಗೆ ಬಿಟ್ಟುಕೊಟ್ಟರು. ಬದಲಿಗೆ ಕೆಲವು ಆಟಗಾರರು, ಜೊತೆಗೆ ಮುಂದಿನ ವರ್ಷಗಳ ಡ್ರಾಫ್ಟ್ ಸರದಿಗಳ ಕಂತೆಯೇ ಸಿಕ್ಕಿತು. ಅದರ ಬಲದಿಂದಲೇ 1990ರಲ್ಲಿ ಎಮಿಟ್ ಸ್ಮಿತ್ ಬಂದರು. ಚೆಂಡು ಹಿಡಿದು ಒಟ್ಟು 18,355 ಗಜ ಓಡಿದ ಅವರ ಲೀಗ್ ದಾಖಲೆಯನ್ನು ಯಾರೂ ಮುರಿದಿಲ್ಲ. ಕೌಬಾಯ್ಸ್ 1993, 1994, 1996ರಲ್ಲಿ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದಿತು.