ಏರುಛಾವಣಿಯ ದುರಸ್ತಿ

ಹೋದ ಬೇಸಿಗೆಯಲ್ಲಿ ನಾವು ಜರ್ಮನಿಯಲ್ಲಿರುವ ಮಗನ ಮನೆಯಲ್ಲಿದ್ದೆವು. ಅವನಲ್ಲಿ ಕ್ಯಾಂಪರ್ ವ್ಯಾನ್ ಎಂಬ ಸಂಚಾರಿಗೃಹವೊಂದುಂಟು. ಗುಂಡಿಯನ್ನೊತ್ತಿದರೆ ಅದರ ಛಾವಣಿಯು ಮೇಲೆದ್ದು, ಒಳಗೆ ಇಬ್ಬರು ಮಲಗುವಷ್ಟು ಅಟ್ಟವಾಗುತ್ತದೆ. ಪ್ರವಾಸದ ಹಿಂದಿನ ದಿನ ಆ ಛಾವಣಿಯು ಒಂದು ಪಾರ್ಶ್ವದಲ್ಲಿ ಮಾತ್ರ ಎದ್ದು, ನಡುಗುತ್ತ ಓರೆಯಾಗಿ ನಿಂತುಬಿಟ್ಟಿತು.

ಈ ಯಂತ್ರದ ಮರ್ಮವು ಸರಳವಾದುದು. ಮುಚ್ಚಿದ ಪಾತ್ರೆಯೊಳಗಿನ ದ್ರವವನ್ನು ಒತ್ತಿದರೆ ಆ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುವುದೆಂದು ಫ್ರಾನ್ಸಿನ ಪಾಸ್ಕಲನು ಹದಿನೇಳನೆಯ ಶತಮಾನದಲ್ಲಿಯೇ ತಿಳಿಸಿದನು. ಅದೇ ತತ್ತ್ವದ ಒತ್ತುಯಂತ್ರಕ್ಕೆ ಇಂಗ್ಲೆಂಡಿನ ಜೋಸೆಫ್ ಬ್ರಾಮನು 1795ರಲ್ಲಿ ಪೇಟೆಂಟ್ ಪಡೆದನು. ಇಲ್ಲಿಯೂ ವಿದ್ಯುತ್ ಪಂಪು ಇಕ್ಕೆಲದ ಸಿಲಿಂಡರುಗಳಿಗೆ ಎಣ್ಣೆಯನ್ನು ನೂಕಲು, ಅವುಗಳ ದಂಡಗಳು ಛಾವಣಿಯನ್ನೆತ್ತುತ್ತವೆ. ಎಣ್ಣೆಯು ಸಂಕೋಚವನ್ನು ಒಲ್ಲದು, ಗಾಳಿಯಾದರೋ ಕುಗ್ಗುವುದು. ಆದುದರಿಂದ ಎಣ್ಣೆ ಸೋರಿ ಗಾಳಿಯು ಒಳಹೊಕ್ಕರೆ ಛಾವಣಿಯು ತಡವರಿಸುತ್ತದೆ.

ಮಗನು ಒಳಗೆ ಕೈಚಾಚಲು ಹೊರಟಾಗ ನಾವು ತಡೆದೆವು. ಮೊದಲು ಎರಡು ಪಾರ್ಶ್ವಗಳಿಗೂ ಗಟ್ಟಿಯಾದ ಮರದ ಊರೆಗೋಲುಗಳನ್ನು ಕೊಟ್ಟೆವು. ಬ್ಯಾಟರಿಯ ತಂತಿಯನ್ನು ಬಿಡಿಸಿದೆವು. ಸೋರುವ ಸ್ಥಳವನ್ನು ಬೆರಳಿನಿಂದ ಹುಡುಕಲಾಗದು. ಸೂಕ್ಷ್ಮರಂಧ್ರದಿಂದ ಚಿಮ್ಮುವ ಎಣ್ಣೆಯು ಚರ್ಮವನ್ನೇ ಭೇದಿಸಬಲ್ಲದು. ಬ್ಯಾಟರಿಯ ದೀಪದ ಬೆಳಕಿನಲ್ಲಿ ನೋಡಲು, ಒಂದು ನಳಿಕೆಯ ಕೀಲು ಜಿಡ್ಡಾಗಿತ್ತು. ಒತ್ತಡವನ್ನು ಕಳೆದು, ಅಲ್ಲಿಯ ಸವೆದ ರಬ್ಬರ್ ಬಳೆಯನ್ನು ಬದಲಿಸಿದೆವು. ಬಳಿಕ ಊರೆಗೋಲುಗಳನ್ನು ತೆಗೆದು, ತಂತಿಯನ್ನು ಸೇರಿಸಿ, ಛಾವಣಿಯನ್ನು ಪೂರ್ತಿ ಇಳಿಸಿದ ಮೇಲೆಯೇ ತಯಾರಕರು ವಿಧಿಸಿದ ಎಣ್ಣೆಯನ್ನು ಗುರುತಿನವರೆಗೆ ತುಂಬಿದೆವು. ಏರಿದ ಸ್ಥಿತಿಯಲ್ಲಿ ತುಂಬಿದರೆ, ಇಳಿಸುವಾಗ ಹಿಂದಿರುಗುವ ಎಣ್ಣೆಯು ಉಕ್ಕಿಹರಿಯುವುದು. ಕೆಲವು ಬಾರಿ ಮೆಲ್ಲನೆ ಏರಿಸಿ ಇಳಿಸಲು ಗಾಳಿಯು ಹೊರಟುಹೋಯಿತು; ಛಾವಣಿಯು ಸಮನಾಗಿ ಎದ್ದಿತು.

ಮರುದಿನ ರಾತ್ರಿ ಮೊಮ್ಮಗಳು ಆ ಅಟ್ಟದಲ್ಲಿ ನಿಶ್ಚಿಂತೆಯಿಂದ ನಿದ್ರಿಸಿದಳು. ಸ್ವಂತ ದುರಸ್ತಿಗೆ ತೊಡಗುವ ಗೃಹಸ್ಥರು ಸ್ಪ್ಯಾನರಿಗಿಂತ ಮೊದಲು ಊರೆಗೋಲನ್ನು ಕೈಗೆತ್ತಿಕೊಳ್ಳತಕ್ಕದ್ದು.