ಯಾರೂ ತೆಗೆಯದ ಆ ಫೋಟೊ

ವಿಯೆಟ್ನಾಂನ ಸಾದೆಕ್ ಪಟ್ಟಣದ ಆ ಮನೆಗೆ ಕಾಲಿಟ್ಟಾಗ ನನ್ನ ಕಣ್ಣು ಹುಡುಕಿದ್ದು ಒಂದು ಸಿನಿಮಾದಲ್ಲಿ ಕಂಡಿದ್ದ ನಡುಮನೆಯನ್ನು. ಅದು ಅಲ್ಲಿರಲಿಲ್ಲ. ಹೊರಗೆ ಫ್ರೆಂಚ್ ಕಮಾನುಗಳು, ಒಳಗೆ ಚಿನ್ನದ ಬಣ್ಣದ ಚೀನೀ ಮರಗೆತ್ತನೆ, ನಟ್ಟನಡುವೆ ದೇವರ ಪೀಠ. 1895ರಲ್ಲಿ ಕಟ್ಟಿದ ಈ ಮನೆ ಹುಯಿನ್ ಥುಯಿ ಲೆ ಅವರದಾಗಿತ್ತು. ಫ್ರೆಂಚ್ ಲೇಖಕಿ ಮಾರ್ಗರಿಟ್ ದ್ಯುರಾಸ್ ತಮ್ಮ ಬದುಕಿನಿಂದಲೇ ಬರೆದ 'ಲಾಮಾಂ' (ಪ್ರಿಯಕರ) ಕಾದಂಬರಿಯಲ್ಲಿ ಹೆಸರಿಲ್ಲದೆ ಬರುವ ಸಿರಿವಂತ ಚೀನೀ ಯುವಕನಿಗೆ ಮೂಲ ಇವರೇ. ಆ ಕಾದಂಬರಿಯನ್ನು ಆಧರಿಸಿದ ಸಿನಿಮಾದ ಮನೆ ಇರುವುದು ಕಾಂಥೋ ಊರಿನ ಬಿನ್ ಥುಯಿಯಲ್ಲಿ! ಆದರೂ ಸಾದೆಕ್‌ನ ಈ ಮನೆಯಲ್ಲಿ ಮನೆಯವರ ಹಳೆಯ ಫೋಟೊಗಳ ಜೊತೆಗೇ ಸಿನಿಮಾದ ಚಿತ್ರಗಳೂ ತೂಗುತ್ತಿವೆ.

ಈ ಅದಲುಬದಲು ನನ್ನನ್ನು ಇನ್ನೂ ಬಿಟ್ಟಿಲ್ಲ. ತಮ್ಮ ಮನೆಯ ಆಲ್ಬಮ್‌ಗೆ ನಾಲ್ಕು ಮಾತು ಬರೆಯಲು ಹೊರಟ ದ್ಯುರಾಸ್‌ಗೆ ಕಾದಂಬರಿ ದಕ್ಕಿದ್ದು ಆಲ್ಬಮ್‌ನಲ್ಲಿ ಇಲ್ಲದ ಒಂದು ಫೋಟೊದಿಂದ. ಮೆಕಾಂಗ್ ದಾಟುವ ದೋಣಿ, ಕಂಬಿಗೆ ಒರಗಿದ ಹದಿನೈದೂವರೆ ವರ್ಷದ ಬಡ ಫ್ರೆಂಚ್ ಹುಡುಗಿ, ಕಾಲಿಗೆ ಜರಿಯ ಹೈಹೀಲ್ಸ್, ತಲೆಗೆ ಗಂಡಸರ ಫೆಲ್ಟ್ ಟೋಪಿ. ಆ ಟೋಪಿಯ ಬಣ್ಣವನ್ನೂ, ಅದರ ಅಗಲವಾದ ಕಪ್ಪು ಪಟ್ಟಿಯನ್ನೂ ದ್ಯುರಾಸ್ ಬಿಡದೆ ಬರೆಯುತ್ತಾರೆ. ವಸಾಹತಿನಲ್ಲಿ ಯಾವ ಹೆಣ್ಣೂ ಹಾಕದ ಟೋಪಿ ಅದು. ಅದನ್ನು ಹಾಕಿಕೊಂಡ ಗಳಿಗೆಯೇ ಅವಳು ತನ್ನವರ ಸಾಲಿನಿಂದ ಹೊರಬಿದ್ದಳು ಅನ್ನಿಸುತ್ತದೆ ನನಗೆ. ಆ ಚೀನೀ ಯುವಕನೊಂದಿಗಿನ ಪ್ರೇಮ ಶುರುವಾದದ್ದು ಆಮೇಲೆ.

1984ರಲ್ಲಿ ಈ ಪುಸ್ತಕಕ್ಕೆ ಗೊಂಕೂರ್ ಪ್ರಶಸ್ತಿ ಬಂದಾಗ ದ್ಯುರಾಸ್‌ಗೆ ಎಪ್ಪತ್ತು ವರ್ಷ. ಜಾನ್-ಜಾಕ್ ಅನೋ ನಿರ್ದೇಶನದ ಸಿನಿಮಾ ಬಂದದ್ದು 1992ರಲ್ಲಿ. ಅಷ್ಟರೊಳಗೆ ನಿರ್ದೇಶಕರೊಂದಿಗೆ ಮನಸ್ತಾಪವಾಗಿ, ದ್ಯುರಾಸ್ ಅದೇ ಕಥೆಯನ್ನು 1991ರಲ್ಲಿ ಮತ್ತೊಂದು ಕಾದಂಬರಿಯಾಗಿ ಬರೆದರು. ಸಿನಿಮಾ ಮಾಡುವುದಾದರೆ ಹೀಗೆ ಮಾಡಬೇಕು ಎಂದು ಅಲ್ಲಲ್ಲಿ ಅಡಿಟಿಪ್ಪಣಿಯನ್ನೂ ಸೇರಿಸಿದರು. ತನ್ನ ಬದುಕು ಇನ್ನೊಬ್ಬರ ಕ್ಯಾಮೆರಾಗೆ ಸಿಕ್ಕಾಗ ಲೇಖಕಿ ಹಿಡಿದ ಈ ಹಟ ನನಗೆ ತುಂಬ ಇಷ್ಟ.

ಸಿನಿಮಾವನ್ನು ಮತ್ತೆ ಮತ್ತೆ ನೋಡಿದ್ದೇನೆ. ರೊಬೇರ್ ಫ್ರೆಸ್ಸ್ ಸೆರೆಹಿಡಿದ ಕೆಸರುಗೆಂಪು ನದಿಗೆ, ಪ್ರಿಯಕರನಾಗಿ ನಟಿಸಿದ ಟೋನಿ ಲೆಯುಂಗ್ ಕಾ-ಫಾಯ್ ಅವರ ಅಳುಕಿಗೆ ಮನಸೋತಿದ್ದೇನೆ. ಆದರೆ ಕಾದಂಬರಿಯಲ್ಲಿ 'ನಾನು' ಇದ್ದಕ್ಕಿದ್ದಂತೆ 'ಅವಳು' ಆಗುವಾಗ ನೆನಪೇ ನಡುಗುತ್ತದೆ. ತೆರೆಯ ಮೇಲೆ ಎಲ್ಲವೂ ಸ್ಫುಟ, ಎಲ್ಲವೂ ಸುಂದರ. ಕಥೆ ನಿರೂಪಿಸುವ ಜಾನ್ ಮೊರೊ ಅವರ ಒರಟು ಮುದಿದನಿ ಮಾತ್ರ ಆ ನಡುಕವನ್ನು ಅಷ್ಟಿಷ್ಟು ಉಳಿಸಿಕೊಂಡಿದೆ.

ಬಡ ಬಿಳಿ ಹುಡುಗಿಯನ್ನು ಸೊಸೆಯಾಗಿ ತರಲು ಹುಯಿನ್ ಥುಯಿ ಲೆ ಅವರ ಅಪ್ಪ ಒಪ್ಪಲಿಲ್ಲ. ಮಗ ಮದುವೆಯಾದದ್ದು ಅಪ್ಪ ಗೊತ್ತುಮಾಡಿದ ಹೆಣ್ಣನ್ನೇ. ಸಾದೆಕ್‌ನ ಮನೆಯಲ್ಲಿ ಆ ದಂಪತಿಯ ಫೋಟೊಗಳ ಮುಂದೆ ಬಹಳ ಹೊತ್ತು ನಿಂತೆ. ಆಮೇಲೆ ನದಿ ದಂಡೆಗೆ ಹೋಗಿ ಕಣ್ಣು ಮುಚ್ಚಿ, ದ್ಯುರಾಸ್ ಬರೆದ ಹುಡುಗಿಯನ್ನು ನೆನೆಯಲು ನೋಡಿದೆ. ಟೋಪಿ ಕಂಡಿತು. ಅದರ ಕೆಳಗಿದ್ದದ್ದು ಸಿನಿಮಾದಲ್ಲಿ ಅವಳಾಗಿ ನಟಿಸಿದ ಜೇನ್ ಮಾರ್ಚ್ ಮುಖ.